ರಾಯದುರ್ಗದ ಗುಂಡುಗಳ ಮೇಲೆ ಮೊದಲ ಬಿಸಿಲು

ನಮ್ಮ ರಾಯದುರ್ಗ ಆಂಧ್ರದ ಅನಂತಪುರ ಜಿಲ್ಲೆಯಲ್ಲಿದೆ. ಬಸ್ಸಿನ ಬೋರ್ಡು ತೆಲುಗು, ನಮ್ಮ ಮನೆಮಾತು ಕನ್ನಡ. ಊರಿಗೆ ಒತ್ತಿಕೊಂಡೇ ಕೋಟೆ ಗುಡ್ಡ ಇದೆ. ತುಂಬ ಗ್ರಾನೈಟ್ ಗುಂಡುಗಳು, ಅಂದರೆ ದುಂಡನೆಯ ದೊಡ್ಡ ಬಂಡೆಗಳು. ಮೊದಲ ಎರಡು ವರ್ಷ ಅಲ್ಲಿ ಹತ್ತಿ ಬರೀ ಸೂರ್ಯನ ಫೋಟೊ ತೆಗೆದೆ. ಆಕಾಶ ಬೆಳ್ಳಗೆ, ಗುಂಡುಗಳು ಕರ್ರಗೆ. ಚಿಕ್ಕಂದಿನಿಂದ ನೋಡಿದ ಗುಂಡುಗಳು ನನ್ನ ಫೋಟೊದಲ್ಲಿ ಗುರುತೇ ಸಿಗುತ್ತಿರಲಿಲ್ಲ. ಬೇಜಾರಾಗಿ ಒಂದು ದಿನ ಸೂರ್ಯ ಬಲಗಡೆ ಬರುವ ಹಾಗೆ ತಿರುಗಿ ನಿಂತೆ. ನನಗೆ ಬೇಕಾದದ್ದು ಅಲ್ಲಿತ್ತು.

ಗ್ರಾನೈಟ್ ಈರುಳ್ಳಿಯ ಹಾಗೆ ಪದರ ಪದರವಾಗಿ ಸಿಪ್ಪೆ ಬಿಡುತ್ತದೆ. ಬಿಸಿಲು ಅಡ್ಡ ಬಿದ್ದಾಗ ಒಂದೊಂದು ಪದರಕ್ಕೂ, ಬಿರುಕಿಗೂ ಅದರದೇ ನೆರಳು ಬರುತ್ತದೆ. ಬಂಡೆಗೆ ಮೈ ಬರುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ನೆರಳೆಲ್ಲ ಬಂಡೆಯ ಹಿಂದೆ ಅಡಗಿ, ಗುಂಡು ಚಪ್ಪಟೆಯಾಗಿ ಕಾಣುತ್ತದೆ.

ಜಾಗವನ್ನು ಹಿಂದಿನ ಸಂಜೆಯೇ ನೋಡಿಡಿ. ಕತ್ತಲಲ್ಲಿ ಹುಡುಕೋದು ಆಗೋದಿಲ್ಲ. ಜನವರಿ ನಡುವಿನಲ್ಲಿ ಇಲ್ಲಿ ಸೂರ್ಯ ಸುಮಾರು 6.50ಕ್ಕೆ ಹುಟ್ಟುತ್ತಾನೆ. ಆರು ಗಂಟೆಗೆಲ್ಲ ಟ್ರೈಪಾಡ್ ನಿಲ್ಲಿಸಿರಬೇಕು. ಒಬ್ಬರೇ ಹೋಗಬೇಡಿ, ಟಾರ್ಚ್ ಇರಲಿ, ಮಾತಾಡುತ್ತಾ ಹತ್ತಿ. ಈ ಕಡೆಯ ಗುಡ್ಡಗಳಲ್ಲಿ ಕರಡಿ ಇವೆ, ನಸುಕಿನಲ್ಲಿ ಓಡಾಡುತ್ತವೆ. ಮಳೆ ಬಿದ್ದ ಮರುದಿನ ಹಾಸುಬಂಡೆ ಜಾರುತ್ತದೆ. ಅವತ್ತು ಕೆಳಗಿನಿಂದಲೇ ತೆಗೆಯಿರಿ.

ನಾನು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/11 (ಲೆನ್ಸಿನ ಕಿಂಡಿ ಕಿರಿದು) ಇಟ್ಟು ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯುತ್ತೇನೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ ಅಗಲ ನೋಟದ 16 ಎಂಎಂ ಲೆನ್ಸ್ ಹಾಕಿ ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಕಾಲ ಬುಡದ ಕಲ್ಲಿನಿಂದ ದೂರದ ಗುಡ್ಡದವರೆಗೂ ಸ್ಪಷ್ಟ ಇರುತ್ತದೆ. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹದ, ಡೇಲೈಟ್‌ನಲ್ಲೇ ಇರಲಿ. ಆಟೋದಲ್ಲಿಟ್ಟರೆ ಅಷ್ಟು ಚಂದದ ಕೆಂಪನ್ನು ಕ್ಯಾಮೆರಾ ತಾನೇ ತೊಳೆದುಬಿಡುತ್ತದೆ. ಆಕಾಶ, ನೆರಳು ಎರಡೂ ಬೇಕಿದ್ದರೆ ಮೂರು ಫೋಟೊ ತೆಗೆಯಿರಿ: ಒಂದು ಸರಿಯಾದ ಬೆಳಕಿಗೆ, ಒಂದು ಎರಡು ಸ್ಟಾಪ್ ಕಡಿಮೆ, ಒಂದು ಎರಡು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಇಲ್ಲವೆ ಅರ್ಧ). ಆಮೇಲೆ ಸೇರಿಸಬಹುದು. ಮೊಬೈಲ್ ಇದ್ದರೂ ಸಾಕು. ಕೈಯನ್ನು ಬಂಡೆಗೆ ಒತ್ತಿ ಹಿಡಿದು, ಪರದೆಯಲ್ಲಿ ಬಿಸಿಲು ಬಿದ್ದ ಭಾಗ ಮುಟ್ಟಿ, ಬೆಳಕು ಸ್ವಲ್ಪ ಇಳಿಸಿ.

ಸೂರ್ಯ ಹುಟ್ಟುವ ಮುಂಚೆ ಒಮ್ಮೆ ಪಡುವಣಕ್ಕೆ ತಿರುಗಿ ನೋಡಿ. ಕೆಳಗೆ ನೀಲಿ ಪಟ್ಟಿ, ಅದರ ಮೇಲೆ ಗುಲಾಬಿ. ಆ ನೀಲಿ ಭೂಮಿಯ ನೆರಳು. ದೊಣೆಯಲ್ಲಿ (ಬಂಡೆಯ ಗುಂಡಿಯಲ್ಲಿ) ನೀರು ನಿಂತಿದ್ದರೆ ಮಂಡಿಯೂರಿ ಕ್ಯಾಮೆರಾ ನೀರಿನ ಅಂಚಿಗೆ ತನ್ನಿ, ಆ ಗುಲಾಬಿ ಅದರಲ್ಲೂ ಸಿಗುತ್ತದೆ.

ಕೆಂಪು ಬಿಸಿಲು ಸುಮಾರು ಇಪ್ಪತ್ತು ನಿಮಿಷ ಇರುತ್ತದೆ, ಅಷ್ಟೇ. ಆಗ ಲೆನ್ಸ್ ಬದಲಿಸುತ್ತಾ ಕೂರಬೇಡಿ. ಒಂದೇ ಗುಂಡನ್ನು ಆರಿಸಿಕೊಂಡು ಅದರ ಸುತ್ತ ನಡೆಯಿರಿ. ಜನವರಿಯಲ್ಲಿ ಸೂರ್ಯ ಆಗ್ನೇಯದ ಕಡೆ ಸರಿದಿರುತ್ತಾನೆ, ಜೂನ್‌ನಲ್ಲಿ ಈಶಾನ್ಯದ ಕಡೆ. ಜನವರಿಯಲ್ಲಿ ನೆರಳಲ್ಲೇ ಉಳಿದ ಮಗ್ಗುಲನ್ನು ಗುರುತು ಮಾಡಿಟ್ಟುಕೊಳ್ಳಿ. ಮೋಡ ಬಿಟ್ಟುಕೊಟ್ಟರೆ ಜೂನ್‌ನಲ್ಲಿ ಅದಕ್ಕೂ ಬಿಸಿಲು ಬೀಳುತ್ತದೆ.