ಹೊಸ ಅಂಗಡಿಯ ಯೀಸ್ಟ್: ಮೊದಲು ಐದು ಲೀಟರಿನಲ್ಲಿ ನೋಡಿ

ಅಗ್ಗಕ್ಕೆ ಸಿಕ್ಕಿತೆಂದು 20 ಲೀಟರ್ ಬಿಯರನ್ನು ಹೊಸ ಯೀಸ್ಟಿನ ಕೈಗೆ ಒಪ್ಪಿಸಬೇಡಿ. ಪೊಟ್ಟಣದಲ್ಲಿ ಅವಧಿ ಮುಗಿಯುವ ದಿನಾಂಕವಿಲ್ಲದಿದ್ದರೆ ಅಲ್ಲಿಗೇ ಬಿಡಿ.

ಒಂದೇ ಸಲ ಕುದಿಸಿದ ಮಾಲ್ಟ್ ರಸವನ್ನು ಐದೈದು ಲೀಟರಿನ ಎರಡು ಪಾಲು ಮಾಡಿ. ಒಂದಕ್ಕೆ ನಿಮ್ಮ ಹಳೇ ಏಲ್ (ಬೆಚ್ಚಗೆ ಹುದುಗುವ ಬಿಯರ್) ಯೀಸ್ಟ್, ಇನ್ನೊಂದಕ್ಕೆ ಅದೇ ಬಗೆಯ ಹೊಸದು. ತಲಾ 3 ಗ್ರಾಂ, ತೂಗಿಯೇ ಹಾಕಿ, ಕಣ್ಣಂದಾಜು ಬೇಡ. ಎರಡನ್ನೂ 18–20 ಡಿಗ್ರಿಯಲ್ಲಿ ಅಕ್ಕಪಕ್ಕ ಇಡಿ. ಹಳೆಯದು ನೊರೆಗಟ್ಟಿ ಒಂದು ದಿನವಾದರೂ ಹೊಸದು ತೆಪ್ಪಗಿದ್ದರೆ, ಸತ್ತ ಕೋಶಗಳೇ ಹೆಚ್ಚಿರಬಹುದು.

ನಿಜವಾದ ಪರೀಕ್ಷೆ ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನದು. 1.048ರಿಂದ ಶುರುವಾದದ್ದು 1.010ರ ಆಸುಪಾಸು ನಿಂತು, ಮೂರು ದಿನ ಕದಲಬಾರದು. ಹೊಸದು ಮಾತ್ರ 1.004ಕ್ಕೂ ಜಾರುತ್ತಾ ಲವಂಗದ ವಾಸನೆ ಬೀರಿದರೆ, ಡಯಸ್ಟಾಟಿಕಸ್ ಎಂಬ ಬೇರೆ ಬಗೆಯ ಯೀಸ್ಟ್ ಬೆರೆತಿರಬಹುದು (ಗೋಧಿ ಬಿಯರಿಗೆ ಲವಂಗ ಸಹಜ, ಅದು ಬೇರೆ ಮಾತು). ಮಾಮೂಲಿ ಯೀಸ್ಟು ತಿನ್ನದೆ ಬಿಟ್ಟ ಡೆಕ್ಸ್‌ಟ್ರಿನ್ನನ್ನೂ (ಪಿಷ್ಟದ ತುಣುಕುಗಳು) ಡಯಸ್ಟಾಟಿಕಸ್ ತಿನ್ನುತ್ತದೆ; ಬಾಟಲಿಯೊಳಗೂ ನಿಲ್ಲಿಸದೆ, ಗಾಜು ಸಿಡಿಸುತ್ತದೆ. ತುಂಬಬೇಡಿ, ಚೆಲ್ಲಿಬಿಡಿ.