ನಾಲ್ಕಕ್ಕೇ ನಿಂತ ಹೊಂಗೆ ಎಣ್ಣೆ

"ಈ ಎಣ್ಣೆ ಸಾಬೂನಿಗೇ ಲಾಯಕ್ಕು ಕಣಪ್ಪ, ಡೀಸೆಲ್ ಆಗೋದಿಲ್ಲ" ಅಂದಿದ್ದರು ಗಾಣದ ಯಜಮಾನರು, ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡ್ತೀನಿ ಅಂತ ನಾನು ಹೋದಾಗ. ಅವರ ಮಾತು ಪೂರ್ತಿ ಸುಳ್ಳೇನಲ್ಲ. ಎರಡು ಮಳೆಗಾಲ ಕಂಡ ಬೀಜ, ಎಫ್‌ಎಫ್‌ಎ (ಎಣ್ಣೆಯಲ್ಲಿ ಬಿಡಿಯಾಗಿರುವ ಕೊಬ್ಬಿನ ಆಸಿಡ್) ಶೇಕಡಾ 14ರ ಹತ್ತಿರ. ಎಣ್ಣೆಯನ್ನು ಮೆಥನಾಲ್ (ಒಂದು ಆಲ್ಕೊಹಾಲ್) ಜೊತೆ ಸೇರಿಸಿ ಡೀಸೆಲ್ ಮಾಡಿಸೋ ಕ್ಷಾರ ಕೆಓಎಚ್; ಇಂಥ ಎಣ್ಣೆಗೆ ಅದನ್ನು ನೇರವಾಗಿ ಹಾಕಿದರೆ ಸಾಬೂನಾಗುತ್ತೆ. ಗೊತ್ತಿದ್ದೂ ಹಾಕಿದೆ. 50 ಲೀಟರ್ ಎಣ್ಣೆ ಗಂಜಿಯಾಗಿ ಕೂತಿತು. ಮೆಥನಾಲೂ ಸೇರಿ ನಾಲ್ಕೈದು ಸಾವಿರ ಹೋಯಿತು. ಆ ಗಂಜಿಯಲ್ಲಿ ಟ್ರ್ಯಾಕ್ಟರ್ ತೊಳೆದೆವು. ಫಳಫಳ ಹೊಳೀತು, ಅದೊಂದು ಸಮಾಧಾನ.

ಆಮೇಲೆ ದಾರಿಗೆ ಬಂದೆ. ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ, ಮೆಥನಾಲ್ ಜೊತೆ ಎಫ್‌ಎಫ್‌ಎಯನ್ನು ಎಸ್ಟರ್ (ಅದೇ ಬಯೋಡೀಸೆಲ್) ಮಾಡೋದು, ನಂತರ ಕೆಓಎಚ್. 100 ಲೀಟರ್ ಎಣ್ಣೆ, 12 ಲೀಟರ್ ಮೆಥನಾಲ್, ಅರ್ಧ ಲೀಟರ್ ಸಲ್ಫ್ಯೂರಿಕ್, 60 ಡಿಗ್ರಿ. ಎರಡು ಗಂಟೆಯಲ್ಲಿ 14 ಇದ್ದದ್ದು 4ಕ್ಕೆ ಇಳಿಯಿತು. ಅಲ್ಲೇ ನಿಂತಿತು. ರಾತ್ರಿಯಿಡೀ ಮೋಟರ್ ಓಡಿಸಿದೆ. ಬೆಳಿಗ್ಗೆ ಟೈಟ್ರೇಷನ್ (ಆಸಿಡ್ ಅಳೆಯುವ ಪರೀಕ್ಷೆ) ಮಾಡಿದರೆ 4. ಇನ್ನೊಂದು ಪಾಲು ಆಸಿಡ್ ಸುರಿದೆ. ಸಲ್ಫ್ಯೂರಿಕ್‌ನ ಲೆಕ್ಕ ಕಳೆದು ನೋಡಿದರೆ ಮತ್ತೆ 4! ಎಣ್ಣೆ ಮಾತ್ರ ಟಾರಿನ ಬಣ್ಣಕ್ಕೆ ತಿರುಗಿತ್ತು.

ಡ್ರಮ್ಮಿನಲ್ಲಿ ಕೆಲಸ ಮುಗಿದಿದೆ ಅಂತ ನಾನು ತಿಳಿದದ್ದೇ ತಪ್ಪು. ಅದು ನನಗೆ ಹೊಳೆದದ್ದು ಬೇರೊಂದು ಎಡವಟ್ಟಿನಿಂದ.

ಒಳ್ಳೆ ಎಣ್ಣೆಯ ಒಂದು ಬ್ಯಾಚ್ ಚೆನ್ನಾಗಿ ಬಂದಿತ್ತು. 27 ಮಿಲಿ ಮೆಥನಾಲ್‌ಗೆ 3 ಮಿಲಿ ಹಾಕಿ ನೋಡಿದೆ, ತಿಳಿಯಾಗಿ ಕರಗಿತು. ಎಣ್ಣೆ ಉಳಿದಿದ್ದರೆ ಕರಗದೆ ತಳ ಸೇರುತ್ತೆ. ಮಿಕ್ಕ ಮೆಥನಾಲ್ ಉಳಿಸೋಣ ಅನ್ನೋ ಜಿಪುಣತನ ಬಂತು. ಡೀಸೆಲ್ ಜೊತೆ ಹುಟ್ಟುವ ಗ್ಲಿಸರಿನ್ ಇಳಿಸುವ ಮೊದಲೇ ಡ್ರಮ್ ಕಾಯಿಸಿ ಮೆಥನಾಲ್ ಎಳೆದೆ. ಐದಾರು ಲೀಟರ್ ಸಿಕ್ಕಿತು. ಖುಷಿಯಲ್ಲಿ ಮತ್ತೆ ಬಾಟಲಿ ಅಲ್ಲಾಡಿಸಿದೆ. ತಳದಲ್ಲಿ ಎಣ್ಣೆಯ ಹನಿಗಳು ಕೂತಿದ್ದವು. ಆದ ಡೀಸೆಲ್‌ನಲ್ಲಿ ಒಂದಷ್ಟು, ಗ್ಲಿಸರಿನ್ ಜೊತೆ ಸೇರಿ ವಾಪಸ್ ಎಣ್ಣೆಯಾಗಿತ್ತು. ಕೆಓಎಚ್ ಒಳಗೇ ಇತ್ತಲ್ಲ, ಹೋಗುವ ದಾರಿಗೂ ಬರುವ ದಾರಿಗೂ ಅದೇ ಕೂಲಿಯಾಳು.

ಹಾಗಾದರೆ ಆ 4? ಅಲ್ಲೂ ಅದೇ ಕಥೆ. ಒಂದು ಕಡೆ ಎಫ್‌ಎಫ್‌ಎ ಎಸ್ಟರ್ ಆಗಿ ನೀರು ಬಿಡುತ್ತಿದೆ, ಇನ್ನೊಂದು ಕಡೆ ಎಸ್ಟರ್ ಅಷ್ಟೇ ವೇಗದಲ್ಲಿ ಆ ನೀರು ಕುಡಿದು ಮತ್ತೆ ಎಫ್‌ಎಫ್‌ಎ ಆಗುತ್ತಿದೆ. ಲೆಕ್ಕ ಹಾಕಿದರೆ 600 ಮಿಲಿ ಆಸುಪಾಸು ನೀರು ಡ್ರಮ್ಮಿನೊಳಗೇ ಹುಟ್ಟಿತ್ತು. ಸಲ್ಫ್ಯೂರಿಕ್ ಜಾಸ್ತಿ ಮಾಡಿದರೆ ಎರಡೂ ಕಡೆಯ ಓಟ ಜೋರಾಗುತ್ತೆ, ಅಷ್ಟೇ. ನೀರನ್ನು ಹೊರಗೆ ಹಾಕಬೇಕಿತ್ತು.

ಮೊದಲು ಸಿಲಿಕಾ ಜೆಲ್ ಕಟ್ಟಿದ ಬಟ್ಟೆಗಂಟು ಇಳಿಬಿಟ್ಟೆ. ಅದು ನೀರಿನ ಜೊತೆ ಮೆಥನಾಲನ್ನೂ ಹೀರಿತು, 600 ರೂಪಾಯಿ ದಂಡ. ಉಳಿದ ನೀಲಿ ಮಣಿಗಳು ತೇವಕ್ಕೆ ಗುಲಾಬಿಯಾದವು. ಬಾಣಲೆಯಲ್ಲಿ ಹುರಿದರೆ ಮತ್ತೆ ನೀಲಿ. ಕೋಬಾಲ್ಟ್ ಕ್ಲೋರೈಡ್‌ನ ಆಟ ಅದು. ಮಗಳು ಒಂದು ವಾರ ಅದನ್ನೇ ಆಡಿದಳು. ಅಡುಗೆ ಬಾಣಲೆ ಹಾಳು ಮಾಡಿದ್ದಕ್ಕೆ ಮನೆಯಲ್ಲಿ ಮಂಗಳಾರತಿ ಆದದ್ದು ಮಾತ್ರ ನನಗೆ.

ಕೊನೆಗೆ ಗೆದ್ದದ್ದು ಸುಮ್ನೆ ಕೂತು. ಮೋಟರ್ ನಿಲ್ಲಿಸಿ ಒಂದು ರಾತ್ರಿ ಬಿಟ್ಟೆ. ಮೆಥನಾಲ್, ನೀರು, ಆಸಿಡ್ ಕಪ್ಪು ಪದರವಾಗಿ ಮೇಲೆ ನಿಂತವು. ಕೆಳಗಿನ ವಾಲ್ವಿನಿಂದ ಎಣ್ಣೆ ಇಳಿಸಿಕೊಂಡೆ, ಮೇಲಿನದನ್ನು ಬೇರೆ ಮಾಡಿದೆ. ಎಣ್ಣೆಗೆ ಹೊಸದಾಗಿ 8 ಲೀಟರ್ ಮೆಥನಾಲ್, ಚೂರು ಆಸಿಡ್. ಒಂದೂವರೆ ಗಂಟೆಗೆ 1ಕ್ಕಿಂತ ಕೆಳಗೆ! ಪದರ ಬೇಗ ಬೇರೆಯಾಗಲು ನಾನೊಂದು ಸಾಮಾನು ಹಾಕುತ್ತೇನೆ. ಏನು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಮುಂದಿನದು ಮಾಮೂಲಿ ಕೆಓಎಚ್ ಕೆಲಸ. ಒಟ್ಟು 85 ಲೀಟರ್ ಚಿಲ್ಲರೆ ಡೀಸೆಲ್ ಸಿಕ್ಕಿತು. ಬಾಟಲಿ ತಗೊಂಡು ಗಾಣಕ್ಕೇ ಹೋಗಿ, ಯಜಮಾನರ ಮುಂದೆಯೇ 3 ಮಿಲಿ ಹಾಕಿ ಅಲ್ಲಾಡಿಸಿದೆ. ಒಂದು ಹನಿಯೂ ತಳ ಸೇರಲಿಲ್ಲ. ಅವರು ಮೂಸಿ ನೋಡಿದರು, ಬೆಳಕಿಗೆ ಹಿಡಿದರು. "ಹಿತ್ತಲಲ್ಲಿ ಇನ್ನೂ ಮೂರು ಡ್ರಮ್ ಹಳೇ ಎಣ್ಣೆ ಐತೆ, ತಗೊಂಡೋಗ್ತೀಯಾ?" ಅಂದರು.

"ಸಾಬೂನಿನ ಎಣ್ಣೆ ಅಲ್ವಾ ಯಜಮಾನ್ರೇ, ಸಾಬೂನಿನ ರೇಟಿಗೇ ಕೊಡಿ" ಅಂದೆ. ಲೀಟರ್‌ಗೆ 15 ರೂಪಾಯಿ ಇಳಿಸಿದರು.