ಓಲ್ಡ್ ಜಡ್ಜ್ ಕಾರ್ಡನ್ನು ನಾನು ನೋಡುವ ಬಗೆ

ಹಳೆಯ ಸಿಗರೇಟ್ ಕಾರ್ಡುಗಳಲ್ಲಿ ನನಗೆ ಜಾಸ್ತಿ ಇಷ್ಟ ಓಲ್ಡ್ ಜಡ್ಜ್. ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ 1886ರಿಂದ 1890ರವರೆಗೆ ಈ ಸಿಗರೇಟಿನ ಜೊತೆ ಬೇಸ್‌ಬಾಲ್ ಆಟಗಾರರ ಫೋಟೊ ಕೊಡುತ್ತಿತ್ತು. ಆಗಿನ ಪೊಟ್ಟಣ ಬರೀ ಕಾಗದದ್ದು. ಸಿಗರೇಟ್ ನಲುಗದಿರಲು ಒಳಗೊಂದು ರಟ್ಟು ಬೇಕಿತ್ತು. ಹೇಗೂ ಇಡುತ್ತೇವಲ್ಲ, ಅದರ ಮೇಲೊಂದು ಮುಖವೂ ಇರಲಿ ಎಂದು ಕಂಪನಿಗಳು ಲೆಕ್ಕ ಹಾಕಿದವು. ಸೆಟ್ ಪೂರ್ತಿ ಮಾಡುವ ಆಸೆಗೆ ಜನ ಅದೇ ಬ್ರ್ಯಾಂಡ್ ಕೊಳ್ಳುತ್ತಾರೆ, ಅಲ್ವಾ?

ಕಾರ್ಡು ಕೈಗೆ ಬಂದರೆ ನಾನು ಆಟಗಾರನಿಗಿಂತ ಮೊದಲು ಮೇಲ್ಮೈ ನೋಡುತ್ತೇನೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಚಿತ್ರ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಆಮೇಲೆ ಅಚ್ಚು ಹಾಕಿದ ನಕಲು. ಅಸಲಿ ಓಲ್ಡ್ ಜಡ್ಜ್ ನಿಜವಾದ ಫೋಟೊ. ಮೊಟ್ಟೆಯ ಬಿಳಿಲೋಳೆ ಬಳಿದ ತೆಳು ಕಾಗದದ ಮೇಲೆ ಬೆಳ್ಳಿಯ ಲವಣದಿಂದ ಮೂಡಿಸಿ, ರಟ್ಟಿಗೆ ಅಂಟಿಸಿದ್ದು. ಕಂದು ಬಣ್ಣ ಗಾಢದಿಂದ ತಿಳಿಗೆ ನುಣ್ಣಗೆ ಇಳಿಯುತ್ತದೆ, ನಡುವೆ ಕಾಗದದ ನಾರೂ ಕಾಣುತ್ತದೆ. ಆಮೇಲೆ ಅಂಚು. ಓರೆಯಾಗಿ ಹಿಡಿದರೆ ಫೋಟೊ ಒಂದು ಪದರ, ರಟ್ಟು ಇನ್ನೊಂದು ಪದರ ಎಂದು ಗೊತ್ತಾಗಬೇಕು. ಅಳತೆ ಸುಮಾರು ಒಂದೂವರೆ ಇಂಚು ಅಗಲ, ಎರಡೂವರೆ ಇಂಚು ಎತ್ತರ.

ಇಷ್ಟಾದ ಮೇಲೆ ಆಟಗಾರ. ಎಷ್ಟೋ ಚಿತ್ರಗಳನ್ನು ತೆಗೆದವರು ಬ್ರೂಕ್ಲಿನ್‌ನ ಫೋಟೊಗ್ರಾಫರ್ ಜೋಸೆಫ್ ಹಾಲ್. ಸ್ಟುಡಿಯೊ ಬೆಳಕಿನಲ್ಲಿ ಹಾರುವ ಚೆಂಡನ್ನು ಸೆರೆಹಿಡಿಯುವುದು ಆಗ ಕಷ್ಟ. ಅದಕ್ಕೇ ಚೆಂಡಿಗೆ ದಾರ ಕಟ್ಟಿ ಮೇಲಿಂದ ಇಳಿಬಿಡುತ್ತಿದ್ದರು. ಕೆಲವು ಕಾರ್ಡುಗಳಲ್ಲಿ ಆ ದಾರ ಈಗಲೂ ಕಾಣುತ್ತದೆ. ಹಿಂದೆ ಬಣ್ಣ ಬಳಿದ ಪರದೆ, ಎದುರಿಗೆ ಅಲ್ಲಾಡದ ಚೆಂಡು, ಅದನ್ನು ಹಿಡಿಯಲು ಎರಡೂ ಕೈ ಚಾಚಿ ಮಿಸುಕಾಡದೆ ನಿಂತ ಮೀಸೆಯ ಆಟಗಾರ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಆ ಶ್ರದ್ಧೆ ದೊಡ್ಡದು.

ಒಬ್ಬನೇ ಆಟಗಾರ ಬೇರೆ ಬೇರೆ ಭಂಗಿಯಲ್ಲಿ ಬರುವುದರಿಂದ ಹೆಸರು ಓದಿದರಷ್ಟೇ ಸಾಲದು. ನಾನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳ ಬೆಂಜಮಿನ್ ಎಡ್ವರ್ಡ್ಸ್ ಸಂಗ್ರಹದ ಚಿತ್ರಗಳ ಜೊತೆ ಹೋಲಿಸುತ್ತೇನೆ. ಅವು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ ಎನ್172 ಎಂಬ ಸಂಖ್ಯೆ ನೆನಪಿರಲಿ. ಅಮೆರಿಕದ ಕಾರ್ಡು ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ತಮ್ಮ ಕಾರ್ಡು ಕ್ಯಾಟಲಾಗಿನಲ್ಲಿ ಈ ಸೆಟ್ಟಿಗೆ ಕೊಟ್ಟದ್ದು ಅದೇ.

ತೆಗೆದಿಡುವುದು ಪಾಲಿಯೆಸ್ಟರ್ ಕವರಿನಲ್ಲಿ. ಪಿವಿಸಿ ಬೇಡವೇ ಬೇಡ. ಒದ್ದೆ ಬಟ್ಟೆ ತಾಗಿಸುವುದಿಲ್ಲ, ಬಿಸಿಲಿಗೆ ಇಡುವುದಿಲ್ಲ. ಈ ಫೋಟೊಗಳು ಮಾಸತೊಡಗಿದರೆ ತಿಳಿ ಭಾಗ ಮೊದಲು ಹಳದಿಯಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಗೋಡೆಗೆ ಹಾಕಬೇಕೆನಿಸಿದರೆ ಸ್ಕ್ಯಾನ್ ಮಾಡಿದ ಪ್ರತಿಯನ್ನೇ ಹಾಕುತ್ತೇನೆ.